ಅಂಚಿನಲ್ಲಿ ಹೊಲಿದ ಹೆಸರು

ನಮ್ಮ ಅಂಗಳಕ್ಕೆ ಆರು ಬಾಗಿಲು, ಒಂದೇ ನಲ್ಲಿ. ಮೂರನೇ ಬಾಗಿಲು ಮೇಸ್ತ್ರಿ ಅನೆಸ್ತಿಸ್ ಅವರದು, ಅದರ ಪಕ್ಕದ್ದು ನನ್ನದು. ನಡುವಿನ ಗೋಡೆ ಎಷ್ಟು ತೆಳುವೆಂದರೆ ಅವರ ಮನೆಯಲ್ಲಿ ಯಾರಾದರೂ ಸೀನಿದರೆ ನಾನು ನನ್ನ ಹೊಲಿಗೆ ಯಂತ್ರದ ಮುಂದಿನಿಂದಲೇ ಹರಸುತ್ತಿದ್ದೆ. ಹಾಗಾಗಿ ಆ ಮನುಷ್ಯನ ಬಗ್ಗೆ ನನಗೆ ಗೊತ್ತಿಲ್ಲದ್ದು ಕಡಿಮೆ. ಗೊತ್ತಿರಬಾರದ್ದೂ ಒಂದಿಷ್ಟು ಗೊತ್ತಿದೆ, ಅದನ್ನು ಹೇಳುವವಳಲ್ಲ ನಾನು.

ಅವರು ಮುದ್ರಣಕ್ಕೆ ಸೀಸದ ಅಚ್ಚುಮೊಳೆ ಜೋಡಿಸುವವರು. ಸಮುದ್ರದ ಆಚೆ ದಡದ ನಮ್ಮ ಊರು ಸ್ಮಿರ್ನಾದಲ್ಲಿ ಕಲಿತ ಕೆಲಸ. ಊರು ಸುಟ್ಟು ಬೂದಿಯಾಗಿ ನಾವೆಲ್ಲ ಹಡಗು ಹತ್ತಿ ಅಥೆನ್ಸಿಗೆ ಬಂದು ಬಿದ್ದಾಗ, ಕೈಸರಿಯಾನಿಯ ಈ ಕೊಂಪೆಯಲ್ಲಿ ಬಹಳ ಜನಕ್ಕೆ ಕೈಗೆ ಹತ್ತುವ ಕೆಲಸವೇ ಇರಲಿಲ್ಲ. ಅವರಿಗೆ ಇತ್ತು. ಪೇಟೆಯ ಒಂದು ಮುದ್ರಣಾಲಯಕ್ಕೆ ಬೆಳಿಗ್ಗೆ ನಡೆದು ಹೋಗುವುದು, ಸಂಜೆ ಉಗುರಿನ ಸಂದಿಯಲ್ಲಿ ಮಸಿ ಹೊತ್ತು ನಡೆದು ಬರುವುದು. ಊರವರ ಲಗ್ನಪತ್ರಿಕೆ, ಸಾವಿನ ಪ್ರಕಟಣೆ, ಔಷಧದ ಜಾಹೀರಾತು ಎಲ್ಲವೂ ಆ ಬೆರಳುಗಳ ಮೇಲೆ ಹಾದು ಹೋದವು. ಹಾಗೆ ಹಾದು ಹೋಗುವಾಗ ಒಂದು ದಿನ ಆ ಹಳೆಯ ತತ್ವಜ್ಞಾನಿಯೂ ಕೈಗೆ ಸಿಕ್ಕ.

ಅವನು ಇದೇ ಊರಿನ ಹೊರಗೆ, ಎರಡು ಸಾವಿರ ವರ್ಷಕ್ಕೂ ಹಿಂದೆ, ತನ್ನ ತೋಟದಲ್ಲಿ ಗೆಳೆಯರನ್ನು ಕೂರಿಸಿಕೊಂಡು ಮಾತಾಡಿದವನು. ನಮ್ಮ ಅಂಗಳದಲ್ಲಿ ಅವನ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ, ತೋಟದ ಗುರು ಎಂದೇ ಕರೆಯುತ್ತಿದ್ದೆವು, ಪಕ್ಕದ ಬೀದಿಯಲ್ಲಿ ಇರುವವನ ಹಾಗೆ. ಪಂಡಿತರು ಅವನನ್ನು ತಮಗೆ ಮಾತ್ರ ಅರ್ಥವಾಗುವ ಭಾಷೆಯಲ್ಲಿ ಬೀಗ ಹಾಕಿ ಇಟ್ಟಿದ್ದರು. ಮೇಸ್ತ್ರಿಗೆ ಅದನ್ನು ಸಹಿಸಲಾಗಲಿಲ್ಲ. ಎಷ್ಟೋ ವರ್ಷ ಕೂತು, ಗುರುವಿನ ಮಾತುಗಳಲ್ಲಿ ಬಿಡಲಾಗದ್ದನ್ನು ಮಾತ್ರ ಆರಿಸಿ, ಮೀನು ಮಾರುವವಳ ಬಾಯಿಯ ಭಾಷೆಗೆ ತಂದು, ತಾವೇ ಮೊಳೆ ಜೋಡಿಸಿ, ತೆಳ್ಳನೆಯ ಒಂದು ಪುಸ್ತಕ ಮಾಡಿದರು. 'ಅಂಗಡಿಯ ಬೋರ್ಡು ಓದಬಲ್ಲವರೆಲ್ಲ ಇದನ್ನು ಓದಬಹುದು' ಎಂದು ಮೊದಲ ಪುಟದಲ್ಲೇ ಹಾಕಿದ್ದರು. ಕೊಂಡವರು ಬೆರಳೆಣಿಕೆ. ಉಳಿದ ಕಟ್ಟುಗಳು ಮಂಚದ ಕೆಳಗೆ ಸೇರಿದವು.

ಮಾರಾಟವಾಗದ ಪುಸ್ತಕ ಇರುವ ಮನುಷ್ಯ ಸುಮ್ಮನಿರುವುದಿಲ್ಲ. ಬೇಸಿಗೆಯ ಸಂಜೆ ಅಂಗಳದಲ್ಲಿ ಕುರ್ಚಿ ಹಾಕಿ ನಮಗೇ ಓದಿ ಹೇಳುತ್ತಿದ್ದರು. ದೇವರು ನಮ್ಮ ತಂಟೆಗೆ ಬರುವವನಲ್ಲ, ಅವನಿಗೆ ಹೆದರಬೇಡಿ. ಸಾವು ಬಂದಾಗ ನಾವಿರುವುದಿಲ್ಲ, ಆದ್ದರಿಂದ ಅದು ನಮ್ಮ ಚಿಂತೆಯಲ್ಲ. ಬದುಕಿಗೆ ನಿಜವಾಗಿ ಬೇಕಾದ್ದು ಸ್ವಲ್ಪ, ಅದು ಸುಲಭವಾಗಿ ಸಿಗುತ್ತದೆ. ನೋವು ವಿಪರೀತವಾದರೆ ಬೇಗ ಮುಗಿಯುತ್ತದೆ, ಬಹಳ ದಿನ ಉಳಿಯುವುದಾದರೆ ತಡೆದುಕೊಳ್ಳುವಷ್ಟೇ ಇರುತ್ತದೆ. ಇವೇ ಮುಖ್ಯ. ನನಗೆ ಅಕ್ಷರ ಬರುತ್ತಿದ್ದುದು ಬಟ್ಟೆ ಅಂಗಡಿಯ ಚೀಟಿ ಓದುವಷ್ಟು. ಪೂರ್ತಿಯಾಗಿ ಓದಿದ ಮೊದಲ ಪುಸ್ತಕ ಅದೇ. ನನಗೆ ಅದು ಹಿಡಿಸಿತ್ತು ಎಂದು ಅವರ ಮುಂದೆ ಎಂದೂ ಒಪ್ಪಿಕೊಳ್ಳಲಿಲ್ಲ, ಒಪ್ಪಿಕೊಂಡಿದ್ದರೆ ತಲೆಯ ಮೇಲೆ ಕೂರುತ್ತಿದ್ದರು.

ಅವರ ಹೆಂಡತಿ ಮರಿಯಾಂಥಿ ಮಾತ್ರ ಆ ಪುಸ್ತಕವನ್ನು ಮುಟ್ಟಲಿಲ್ಲ. ಮೂಲೆಯಲ್ಲಿ ದೇವಮಾತೆಯ ಪಟ, ಅದರ ಮುಂದೆ ಎಣ್ಣೆ ದೀಪ, ಅದೇ ಅವಳ ಲೋಕ. ನಮ್ಮ ಬೀದಿಯಲ್ಲಿ ಯಾರೇ ಸತ್ತರೂ ಪುಣ್ಯತಿಥಿಯ ಗೋಧಿ ಬೇಯಿಸುವುದಕ್ಕೆ ಅವಳನ್ನೇ ಕರೆಯುತ್ತಿದ್ದರು. ಗೋಧಿ ಒಡೆಯದೆ ಮೆತ್ತಗಾಗಬೇಕು. ಅದಕ್ಕೆ ದಾಳಿಂಬೆ ಕಾಳು, ಒಣದ್ರಾಕ್ಷಿ, ಮೇಲೆ ಸಕ್ಕರೆ ಹುಡಿ. ತಿಂದವರೆಲ್ಲ ಸತ್ತವರ ಹೆಸರು ಹಿಡಿದು 'ದೇವರು ಕ್ಷಮಿಸಲಿ' ಅನ್ನಬೇಕು. ಗಂಡ ಅಂಗಳದಲ್ಲಿ ತತ್ವ ಓದುವಾಗ ಅವಳು ಒಳಗಿನಿಂದ ಸೊಪ್ಪು ಸೋಸುತ್ತ ಬಾಣ ಬಿಡುತ್ತಿದ್ದಳು.

"ನಿಮ್ಮ ಗುರುವಿಗೆ ಹೆಂಡತಿ ಇದ್ದಳಾ?"

"ಇರಲಿಲ್ಲ ಮಾರಾಯ್ತಿ."

"ಅದಕ್ಕೇ. ಹೆಂಡತಿ ಮಕ್ಕಳಿಲ್ಲದವನಿಗೆ ಸಾವು ಏನೂ ಅಲ್ಲ ಅನ್ನೋದು ಎಷ್ಟೊತ್ತಿನ ಕೆಲಸ."

ಅಂಗಳವೆಲ್ಲ ನಗುತ್ತಿತ್ತು, ಮೇಸ್ತ್ರಿಯೂ ನಗುತ್ತಿದ್ದರು. ಮಂಡಿನೋವಿನ ದಿನ ಅವಳಿಗೆ ದೀಪದವರೆಗೆ ಎದ್ದು ಹೋಗಲಾಗದಿದ್ದರೆ ಅವರೇ ಎಣ್ಣೆ ಹಾಕಿ ಹಚ್ಚುತ್ತಿದ್ದರು. ದೇವರನ್ನು ನಂಬದವನು ದೀಪ ಹಚ್ಚಬಹುದಾ ಎಂದು ನಾನು ಕೆಣಕಿದರೆ, ನಾನು ಹಚ್ಚುತ್ತಿರುವುದು ಅವಳಿಗೆ, ದೇವಮಾತೆ ಅಡ್ಡ ನಿಂತಿದ್ದಾಳೆ ಅಷ್ಟೇ, ಅನ್ನುತ್ತಿದ್ದರು.

ಅವರಿಗಿದ್ದವಳು ಒಬ್ಬಳೇ ಮಗಳು. ಅವಳು ಕ್ಷಯದಲ್ಲಿ ಹೋದಳು. ಅಳಿಯ ಅಲ್ಬೇನಿಯದ ಬೆಟ್ಟದ ಹಿಮಕ್ಕೆ ಯುದ್ಧಕ್ಕೆಂದು ಹೋದವನು ತಿರುಗಿ ಬರಲಿಲ್ಲ. ಉಳಿದದ್ದು ಮೊಮ್ಮಗಳು ಲೆಮೊನಿಯಾ. ಆಗ ಅವಳಿಗೆ ಹಾಲುಹಲ್ಲು ಬೀಳುವ ವಯಸ್ಸು. ಎಲ್ಲದಕ್ಕೂ ಬಾಯಿ ಹಾಕುವ, ಎಲ್ಲರ ಮನೆಯಲ್ಲೂ ಊಟ ಮಾಡುವ ಹುಡುಗಿ.

ಜರ್ಮನರು ಬಂದರು. ಅವರು ಬಂದ ವರ್ಷದ ಚಳಿಗಾಲದಲ್ಲಿ ಊಟ ಮಾಡುವ ಮನೆಯೇ ಇಲ್ಲವಾಯಿತು. ಹಡಗು ನಿಂತವು, ಗೋಧಿ ನಿಂತಿತು. ಅಂಗಡಿಯ ಹಲಗೆಗಳ ಮೇಲೆ ಧೂಳು ಬಿಟ್ಟರೆ ಏನೂ ಇರಲಿಲ್ಲ. ಪಡಿತರ ಚೀಟಿಗೆ ಬೇಕರಿಯಲ್ಲಿ ಕೊಡುತ್ತಿದ್ದ ರೊಟ್ಟಿ ಅಂಗೈಯಲ್ಲಿ ಮುಚ್ಚಿ ಹಿಡಿಯುವಷ್ಟು. ಅದೂ ಪೊರಕೆ ಕಟ್ಟಲು ಬೆಳೆಯುವ ಜೋಳದ ಹಿಟ್ಟಿನದು, ಗಂಟಲು ಗೀರಿಕೊಂಡು ಇಳಿಯುತ್ತಿತ್ತು. ನಮ್ಮ ಬೀದಿಗಳ ಹಿಂದಿನ ಇಮಿತ್ತೊ ಬೆಟ್ಟದ ಮೇಲೆ ಕಾಡುಸೊಪ್ಪಿಗೆ ಎಲ್ಲರೂ ಮುಗಿಬಿದ್ದು, ಬೆಟ್ಟ ಬೋಳಿಸಿದ ತಲೆಯ ಹಾಗಾಯಿತು. ಬೆಕ್ಕುಗಳು ಕಾಣೆಯಾದವು, ಯಾರೂ ಯಾರನ್ನೂ ಕೇಳಲಿಲ್ಲ.

ಮುದ್ರಣಾಲಯ ಮುಚ್ಚಿತು. ಸೀಸವನ್ನೆಲ್ಲ ಸೈನ್ಯದವರು ಹೊತ್ತುಕೊಂಡು ಹೋದರು. ಮೇಸ್ತ್ರಿ ತಮ್ಮ ಪುಸ್ತಕದ ಒಂದೇ ಒಂದು ಪುಟದ ಮೊಳೆಗಳನ್ನು ದಾರ ಸುತ್ತಿ, ಕೋಟಿನೊಳಗೆ ಬಚ್ಚಿಟ್ಟು ಮನೆಗೆ ತಂದಿದ್ದರು. ಸಾವಿನ ಬಗ್ಗೆ ಗುರು ಹೇಳಿದ ಮಾತಿನ ಪುಟ. ಇಡೀ ಪುಸ್ತಕದಲ್ಲಿ ಚೆನ್ನಾಗಿ ಕೂತ ಪುಟ ಅದೇ, ಯುದ್ಧ ಮುಗಿದ ಮೇಲೆ ಅಲ್ಲಿಂದಲೇ ಮತ್ತೆ ಶುರು ಮಾಡುತ್ತೇನೆ ಎಂದಿದ್ದರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡೆ.

ಒಂದು ಸಂಜೆ ಮಂಚದ ಕೆಳಗಿನ ಮೊದಲ ಕಟ್ಟು ಹೊರಬಂತು. ಸೊಪ್ಪು ಬೇಯಿಸಲು ಕಟ್ಟಿಗೆ ಇರಲಿಲ್ಲ. ಮೇಸ್ತ್ರಿ ಅಂಗಳದ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಪುಸ್ತಕಗಳನ್ನು ಹರಿಯದೆ, ಒಂದೊಂದಾಗಿ ನೆಟ್ಟಗೆ ನಿಲ್ಲಿಸಿ ಸುಟ್ಟರು. ಐದನೇ ಬಾಗಿಲಿನ ಪಾಗೊನಾ ಸುಮ್ಮನಿರುವ ಹೆಂಗಸಲ್ಲ. ಅವಳ ಇಬ್ಬರು ಮಕ್ಕಳು ಆಗಲೇ ಹಾಸಿಗೆ ಹಿಡಿದಿದ್ದರು.

"ಮೇಸ್ತ್ರಿ, ರೊಟ್ಟಿ ನೀರು ಇದ್ರೆ ಸಾಕು, ಸುಖಕ್ಕೆ ಇನ್ನೇನೂ ಬೇಡ ಅಂತ ಅದರಲ್ಲೇ ಅಲ್ವಾ ಬರೆದಿರೋದು?"

"ಹೌದು."

"ನಿಮ್ಮ ಗುರುವಿಗೆ ರೊಟ್ಟಿಯಾದ್ರೂ ಇತ್ತಲ್ಲ."

ವಾದಕ್ಕೆ ಎಂದೂ ಹಿಂದೆ ಬೀಳದ ಮನುಷ್ಯ ಅಂದು ಇನ್ನೊಂದು ಪುಸ್ತಕ ಒಲೆಗೆ ಇಟ್ಟರು. ಆ ಉರಿಯಲ್ಲಿ ಪಾಗೊನಾಳ ಪಾತ್ರೆಗೂ ಜಾಗ ಮಾಡಿಕೊಟ್ಟರು.

ಮರಿಯಾಂಥಿ ತನ್ನ ಪಾಲಿನ ರೊಟ್ಟಿಯನ್ನು ತಿನ್ನುತ್ತಿಲ್ಲ ಎಂದು ನಮಗೆ ತಡವಾಗಿ ಗೊತ್ತಾಯಿತು. ಬಾಯಿಗೆ ಹಾಕಿಕೊಂಡ ಹಾಗೆ ಮಾಡಿ, ತಲೆವಸ್ತ್ರದ ಗಂಟಿನಲ್ಲಿ ಉಳಿಸಿ, ಗಂಡ ಹೊರಗೆ ಹೋದಾಗ ಲೆಮೊನಿಯಾಳಿಗೆ ತಿನ್ನಿಸುತ್ತಿದ್ದಳು. ಕಾಲು ಊದಿತು, ಆಮೇಲೆ ಮುಖ ಊದಿತು. ಹಸಿವಿನಲ್ಲಿ ಸಾಯುವವರು ಕೊನೆಗೆ ದಪ್ಪಗೆ ಕಾಣುತ್ತಾರೆ, ಅದೊಂದು ಕ್ರೂರ ತಮಾಷೆ. ಅವಳು ಮಲಗಿದ ಮೇಲೆ ನಾನು ಅವರ ಮನೆಯಲ್ಲೇ ಹೊಲಿಗೆ ಹಿಡಿದು ಕೂರುತ್ತಿದ್ದೆ. ಹಾಗಾಗಿ ಆ ಮಾತು ನನ್ನ ಕಿವಿಗೂ ಬಿತ್ತು.

"ಅನೆಸ್ತಿ, ಒಂದು ಕೇಳ್ತೀನಿ. ಇನ್ನೇನೂ ಕೇಳಲ್ಲ."

"ಕೇಳು."

"ನಮ್ಮಪ್ಪ ಅಮ್ಮ ಆ ಬೆಂಕಿಯಲ್ಲಿ ಎಲ್ಲಿ ಬಿದ್ದರೋ ಗೊತ್ತಿಲ್ಲ. ಇಷ್ಟು ವರ್ಷ ಅವರಿಗೊಂದು ದೀಪ ಇಡೋಕೆ ಜಾಗ ಇಲ್ಲ ನನಗೆ. ಊರವರ ಸತ್ತವರಿಗೆಲ್ಲ ಗೋಧಿ ಬೇಯಿಸಿದೆ, ನನ್ನವರಿಗೆ ಎಲ್ಲಿ ಇಡಲಿ ಅಂತ ಗೊತ್ತಾಗಲಿಲ್ಲ. ನನ್ನನ್ನ ಹಾಗೆ ಬಿಡಬೇಡ. ಕಲ್ಲು ಬೇಡ, ಒಂದು ಕಟ್ಟಿಗೆ ಶಿಲುಬೆ ಸಾಕು. ಹೆಸರು ಇರಲಿ."

"ನೀನೆಲ್ಲಿಗೂ ಹೋಗಲ್ಲ ಕಣೆ."

"ತತ್ವ ಬೇಡ. ಮಾತು ಕೊಡು."

ಮಾತು ಕೊಟ್ಟರು. ಅವಳ ಕೈಯನ್ನು ತಮ್ಮ ಎರಡೂ ಕೈಗಳ ನಡುವೆ ಇಟ್ಟುಕೊಂಡು, ಹೆಸರು ಇರುತ್ತೆ ಎಂದರು. ಎರಡು ದಿನ ಕಳೆದು, ಮಧ್ಯಾಹ್ನ, ನಾನು ಸೂಜಿಗೆ ದಾರ ಪೋಣಿಸುತ್ತಿದ್ದಾಗ ಅವಳ ಉಸಿರು ನಿಂತಿತು. ನಾನು ದಾರ ಪೋಣಿಸಿ ಮುಗಿಸಿದೆ, ಆಮೇಲೆ ಅತ್ತೆ. ಯಾಕೆ ಹಾಗೆ ಮಾಡಿದೆನೋ ಇಂದಿಗೂ ತಿಳಿಯದು.

ಈಗ ಕೇಳಿ, ಆ ಚಳಿಗಾಲದ ಲೆಕ್ಕಾಚಾರ ಹೀಗಿತ್ತು. ಹೆಸರಿಟ್ಟು ಹೂಳಬೇಕಾದರೆ ಕಚೇರಿಯಲ್ಲಿ ಸಾವು ಬರೆಸಬೇಕು. ಬರೆಸಿದರೆ ಸತ್ತವರ ಪಡಿತರ ಚೀಟಿ ವಾಪಸು ಕೊಡಬೇಕು. ಆದ್ದರಿಂದ ಜನ ಬರೆಸುತ್ತಿರಲಿಲ್ಲ. ಬೆಳಗಿನ ಜಾವ ಸತ್ತವರನ್ನು ಕೈಗಾಡಿಯಲ್ಲಿ ತಂದು, ಗುರುತು ಸಿಗದ ಹಾಗೆ, ಸ್ಮಶಾನದ ಗೋಡೆಯ ಹೊರಗೆ ಮಲಗಿಸಿ ಹೋಗುತ್ತಿದ್ದರು. ನಗರಸಭೆಯವರು ಬಂದು ಎತ್ತಿ, ಎಲ್ಲರನ್ನೂ ಒಂದೇ ಗುಂಡಿಗೆ ಹಾಕುತ್ತಿದ್ದರು. ಸತ್ತವರ ರೊಟ್ಟಿ ಬದುಕಿದವರಿಗೆ ಸಿಗುತ್ತಿತ್ತು. ನಮ್ಮ ಬೀದಿಯಲ್ಲಿ ಇದನ್ನು ಮಾಡದ ಮನೆ ಇರಲಿಲ್ಲ. ಯಾರೂ ಯಾರನ್ನೂ ದೂರುತ್ತಿರಲಿಲ್ಲ.

ಮೇಸ್ತ್ರಿ ಹೆಣದ ಪಕ್ಕದಲ್ಲಿ ಕೂತಿದ್ದರು. ಲೆಮೊನಿಯಾಳನ್ನು ನಾನು ನನ್ನ ಮನೆಯಲ್ಲಿ ಮಲಗಿಸಿ ಬಂದಿದ್ದೆ.

"ಶಿಲುಬೆಗೆ ಕಟ್ಟಿಗೆ ಇದೆಯಾ?" ಎಂದೆ.

"ಮಂಚದ ಕಾಲಿದೆ."

"ಹಾಗಾದರೆ ಕಚೇರಿಗೆ ಹೋಗಿ ಬನ್ನಿ."

ಅವರು ಏಳಲಿಲ್ಲ. "ಮಗು ಮೊನ್ನೆ ಬಾಗಿಲವರೆಗೆ ನಡೆಯೋಕೆ ಗೋಡೆ ಹಿಡಿದಳು, ತಾರ್ಸಿ. ನೀನೂ ನೋಡಿದೆ."

"ನೀವು ಮಾತು ಕೊಟ್ಟಿದ್ದೀರಿ. ನಾನು ಕಿವಿಯಾರೆ ಕೇಳಿದ್ದೀನಿ."

"ಕೊಟ್ಟಿದ್ದೀನಿ."

ನನಗೆ ಸಿಟ್ಟು ಬಂತು. ಯಾರ ಮೇಲೆ ಬರಬೇಕಿತ್ತೋ ಅವರು ಎಲ್ಲೋ ಬೆಚ್ಚಗೆ ಮಾಂಸ ತಿನ್ನುತ್ತಿದ್ದರು, ಎದುರಿಗೆ ಸಿಕ್ಕಿದ್ದು ಈ ಮುದುಕ. "ನಿಮ್ಮ ಪುಸ್ತಕ ಏನು ಹೇಳುತ್ತೆ? ಸತ್ತವರಿಗೆ ಏನೂ ಇಲ್ಲ ಅಂತ ತಾನೇ? ಮತ್ತೆ ಯೋಚನೆ ಯಾಕೆ, ಗೋಡೆ ಪಕ್ಕ ಒಗೆದು ಬನ್ನಿ."

ಅವರು ನಿಧಾನವಾಗಿ ಹೇಳಿದರು. "ಪುಸ್ತಕದಲ್ಲಿ ತಪ್ಪಿಲ್ಲ. ಎಲ್ಲಿ ಹಾಕಿದರೂ ಅವಳಿಗೆ ಗೊತ್ತಾಗಲ್ಲ. ನನಗೆ ಗೊತ್ತಾಗುತ್ತೆ."

ಅಷ್ಟರಲ್ಲಿ ಬಾಗಿಲಲ್ಲಿ ಲೆಮೊನಿಯಾ ನಿಂತಿದ್ದಳು. ಯಾವಾಗ ಎದ್ದು ಬಂದಳೋ. ಅಜ್ಜಿಯ ಮುಖವನ್ನು ನೋಡಿದಳು, ಅಜ್ಜನನ್ನು ನೋಡಿದಳು. ಅವಳಿಗೆ ಎಲ್ಲ ಅರ್ಥವಾಗಿತ್ತು. ಆ ವರ್ಷ ಮಕ್ಕಳಿಗೆ ಹೆಣ ಅಂದರೆ ಏನೆಂದು ಹೇಳಿಕೊಡಬೇಕಾಗಿರಲಿಲ್ಲ.

"ಅಜ್ಜಾ, ನಾಳೆ ಅಜ್ಜಿಯ ರೊಟ್ಟಿ ಬರುತ್ತಾ?"

ಮೇಸ್ತ್ರಿ ಅವಳನ್ನು ಹತ್ತಿರ ಕರೆದುಕೊಂಡರು. "ಬರುತ್ತೆ" ಎಂದರು.

ಅಲ್ಲಿಗೆ ತೀರ್ಮಾನವಾಯಿತು. ನಾನು ಎದ್ದು ನೀರು ಕಾಯಿಸಲು ಹೋದೆ. ಕಟ್ಟಿಗೆ ಇರಲಿಲ್ಲ, ಪುಸ್ತಕವೇ ಉರಿಯಿತು.

ಮರಿಯಾಂಥಿಗೆ ಸ್ನಾನ ಮಾಡಿಸಿ, ಇದ್ದ ಒಂದೇ ಒಳ್ಳೆಯ ಕಪ್ಪು ಉಡುಪು ತೊಡಿಸುವಾಗ ಪಕ್ಕದಲ್ಲಿ ಲೋಹದ ಸದ್ದು ಕೇಳಿಸಿತು. ಮೇಸ್ತ್ರಿ ಬಚ್ಚಿಟ್ಟಿದ್ದ ಪುಟವನ್ನು ಹೊರಗೆ ತೆಗೆದು ದಾರ ಬಿಚ್ಚುತ್ತಿದ್ದರು. ಅಚ್ಚಿನ ಕೆಲಸದವರಿಗೆ ಜೋಡಿಸಿಟ್ಟ ಪುಟ ಚೆಲ್ಲುವುದೆಂದರೆ ಕಟ್ಟಿದ ಮನೆ ಕೆಡವಿದ ಹಾಗೆ. ಸಾವಿಗೂ ನಮಗೂ ಸಂಬಂಧವಿಲ್ಲ ಎಂದು ಗುರು ಹೇಳುವ ಸಾಲುಗಳಿಂದ ಅವರು ಒಂದೊಂದೇ ಮೊಳೆಯನ್ನು ಉಗುರಿನಲ್ಲಿ ಎತ್ತಿ ಪಕ್ಕಕ್ಕೆ ಇಟ್ಟರು. ಎತ್ತಿದ ಮೊಳೆಗಳನ್ನು ಸಾಲಾಗಿ ಹೊಂದಿಸಿ, ದಾರ ಬಿಗಿದು, ನನ್ನ ಕೈಗೆ ಕೊಟ್ಟರು. ನನ್ನ ಕಿರುಬೆರಳಷ್ಟು ಉದ್ದ. ಅಕ್ಷರಗಳು ತಿರುಗುಮುರುಗಾಗಿದ್ದವು.

"ನನಗೆ ಓದೋಕೆ ಆಗಲ್ಲ" ಎಂದೆ.

ಅದನ್ನು ತಮ್ಮ ಅಂಗೈಗೆ ಒತ್ತಿ ಹಿಡಿದು ತೆಗೆದು ತೋರಿಸಿದರು. ಚರ್ಮದ ಮೇಲೆ ಕೆಂಪಗೆ ಮರಿಯಾಂಥಿ ಎಂದು ಮೂಡಿತ್ತು. ನೋಡುತ್ತಿದ್ದ ಹಾಗೆ ಮಾಸಿತು.

"ಇದನ್ನ ನೀನು ಇಟ್ಟು ಹೊಲಿ. ಉಡುಪಿನ ಅಂಚಿನ ಒಳಗೆ. ಯಾರಿಗೂ ಕಾಣಬಾರದು."

ನಾನು ಹೊಲಿದೆ. ಮದುವೆಯ ಬಟ್ಟೆಗೂ ಅಷ್ಟು ಚಿಕ್ಕ ಹೊಲಿಗೆ ಹಾಕಿದವಳಲ್ಲ. ಬೆಳಗಿನ ಜಾವ ಪಾಗೊನಾಳ ಗಂಡನ ಕೈಗಾಡಿಯಲ್ಲಿ ಅವಳನ್ನು ಮಲಗಿಸಿ ನಾವಿಬ್ಬರೂ ತಳ್ಳಿಕೊಂಡು ಹೋದೆವು. ಗೋಡೆಯ ಹತ್ತಿರ ಆಗಲೇ ಬೇರೆಯವರಿದ್ದರು. ಮಲಗಿದ್ದವರ ಮುಖ ಮುಚ್ಚಿತ್ತು, ಬಿಟ್ಟು ಹೋಗಲು ಬಂದವರೂ ಮುಖ ಮುಚ್ಚಿಕೊಂಡಿದ್ದರು. ಪಾದ್ರಿ ಇಲ್ಲ, ಗಂಟೆ ಇಲ್ಲ. ನಾನು ಶಿಲುಬೆಯ ಗುರುತು ಹಾಕಿದೆ. ಮೇಸ್ತ್ರಿಯ ತುಟಿ ಅಲುಗಾಡಿತು. ಏನು ಹೇಳಿದರೆಂದು ನನಗೆ ಕೇಳಿಸಿತು, ಆದರೆ ಅದು ಅವರಿಬ್ಬರ ಮಾತು.

ಮಾರನೆಯ ದಿನದಿಂದ ಅವರು ಮೂರು ಚೀಟಿ ಹಿಡಿದು ಬೇಕರಿಯ ಸಾಲಿಗೆ ಹೋದರು. ಬೇಕರಿಯ ಸ್ತ್ರಾತಿಸ್ ಎಲ್ಲರನ್ನೂ ಹೆಸರು ಹಿಡಿದು ವಿಚಾರಿಸುವ ಮನುಷ್ಯ. ಒಳ್ಳೆಯ ಕಾಲದಲ್ಲಿ ಅದು ವ್ಯಾಪಾರದ ಜಾಣತನ. ಆಗ ಅದು ಶಿಕ್ಷೆಯಾಗಿತ್ತು. ಬಾಗಿಲ ಬಳಿ ಯಾರಾದರೂ ಸಿಪಾಯಿ ನಿಂತಿರುತ್ತಿದ್ದ, ಆದ್ದರಿಂದ ಕೇಳಲೇಬೇಕು, ಉತ್ತರ ಕೊಡಲೇಬೇಕು.

"ಮರಿಯಾಂಥಿ ಅಕ್ಕ ಹೇಗಿದ್ದಾರೆ, ಮೇಸ್ತ್ರಿ?"

"ಕಾಲಿನ ಊತ ಸ್ವಲ್ಪ ಇಳಿದಿದೆ."

"ದೇವರು ದೊಡ್ಡವನು. ಪಾಗೊನಾ, ನಿಮ್ಮ ದೊಡ್ಡ ಮಗ?"

"ನಿನ್ನೆ ಎದ್ದು ಕೂತಿದ್ದ."

ಪಾಗೊನಾಳ ದೊಡ್ಡ ಮಗ ಗೋಡೆಯ ಹತ್ತಿರ ಹೋಗಿ ವಾರವಾಗಿತ್ತು. ನಮ್ಮ ಬೀದಿಯ ಸತ್ತವರೆಲ್ಲ ಆ ಸಾಲಿನಲ್ಲಿ ದಿನದಿನಕ್ಕೆ ಚೇತರಿಸಿಕೊಳ್ಳುತ್ತಿದ್ದರು. ಸ್ತ್ರಾತಿಸನಿಗೆ ಗೊತ್ತಿತ್ತು, ಹಿಂದೆ ನಿಂತವರಿಗೂ ಗೊತ್ತಿತ್ತು. ಎಲ್ಲರೂ ತಲೆಯಾಡಿಸುತ್ತಿದ್ದೆವು.

ಮೊದಮೊದಲು ಮೇಸ್ತ್ರಿ ಒಂದೇ ಮಾತು ಹೇಳಿ ಮುಗಿಸುತ್ತಿದ್ದರು. ಬರಬರುತ್ತ ಉತ್ತರ ಉದ್ದವಾಯಿತು. ಇವತ್ತು ಬೆಳಿಗ್ಗೆ ನನ್ನ ಕಾಲುಚೀಲ ಕೊಳಕಾಗಿದೆ ಅಂತ ಬೈದಳು. ಅಂಜೂರದ ಗಿಡಕ್ಕೆ ನೀರು ಹಾಕಿದ್ರಾ ಅಂತ ಕೇಳಿದಳು. ನಿನ್ನೆ ನಕ್ಕಳು. ಬೇಕರಿಯಿಂದ ಬಂದು ನನ್ನ ಬಾಗಿಲಲ್ಲಿ ನಿಂತು, "ಇವತ್ತು ಬೈದಳು ಅಂದೆ, ತಾರ್ಸಿ. ಬೈಗಳು ಅವಳಿಗೆ ಒಪ್ಪುತ್ತೆ, ಅಲ್ವಾ?" ಎಂದು ಕೇಳುತ್ತಿದ್ದರು. ನಾನು ಏನು ಹೇಳಲಿ? ಒಪ್ಪುತ್ತೆ ಅನ್ನುತ್ತಿದ್ದೆ. ಆ ಮನುಷ್ಯ ತನ್ನ ಪಾಲಿನ ರೊಟ್ಟಿಯನ್ನೂ ತಿನ್ನುತ್ತಿಲ್ಲ ಎಂದು ನನಗೆ ಅನುಮಾನ ಬಂದಿತ್ತು. ಕೇಳಿದರೆ ಕುರುಕುರು ಅಗಿದ ಹಾಗೆ ಮಾಡಿ ತೋರಿಸುತ್ತಿದ್ದರು. ಗಂಡ ಹೆಂಡತಿ ಇಬ್ಬರಿಗೂ ಒಂದೇ ಕಳ್ಳ ಬುದ್ಧಿ.

ಒಂದು ದಿನ ಕಚೇರಿಯ ಗುಮಾಸ್ತನೊಬ್ಬ ಚೀಟಿದಾರರು ಬದುಕಿದ್ದಾರೋ ಇಲ್ಲವೋ ನೋಡಲು ಬೀದಿಗೆ ಬಂದ. ಪಾಗೊನಾ ಮೊದಲೇ ಓಡಿಬಂದು ಸುದ್ದಿ ಹೇಳಿದಳು. ನಾನು ಯೋಚಿಸಲಿಲ್ಲ. ಮೂರನೇ ಬಾಗಿಲಿಗೆ ನುಗ್ಗಿ, ಮರಿಯಾಂಥಿಯ ವಸ್ತ್ರ ತಲೆಗೆ ಬಿಗಿದು, ಅವಳ ಹಾಸಿಗೆಯಲ್ಲಿ ಅವಳ ಕಂಬಳಿ ಮೂಗಿನವರೆಗೆ ಎಳೆದುಕೊಂಡು ಮಲಗಿದೆ. ದಿಂಬಿನಲ್ಲಿ ಇನ್ನೂ ಅವಳ ಕೂದಲಿನ ವಾಸನೆ ಇತ್ತು. ಲೆಮೊನಿಯಾ ಬಂದು ನನ್ನ ಪಕ್ಕ ಕೂತು ನನ್ನ ಕೈ ಹಿಡಿದುಕೊಂಡಳು. ಯಾರೂ ಹೇಳಿಕೊಡಲಿಲ್ಲ.

ಗುಮಾಸ್ತ ಬಾಗಿಲಲ್ಲೇ ನಿಂತ. ಅವನ ಕೊರಳಪಟ್ಟಿ ಕುತ್ತಿಗೆಗೆ ಎರಡು ಸುತ್ತು ದೊಡ್ಡದಾಗಿತ್ತು.

"ನಿಮ್ಮ ಹೆಸರೇನಮ್ಮ?"

"ಮರಿಯಾಂಥಿ" ಎಂದೆ. ದನಿ ಒಡೆದಿತ್ತು, ಒಳ್ಳೆಯದೇ ಆಯಿತು.

"ಹೇಗಿದ್ದೀರಿ?"

"ಹಸಿವು."

"ನನಗೂ ಅದೇ, ತಾಯಿ" ಎಂದು ಅವನು ಮುಂದಿನ ಬಾಗಿಲಿಗೆ ಹೋದ. ನಾನು ಎದ್ದು ನೋಡಿದರೆ ಮೇಸ್ತ್ರಿ ಗೋಡೆಗೆ ಆತು ನೆಲದ ಮೇಲೆ ಕೂತಿದ್ದರು. ಇನ್ನೊಂದು ಸಲ ಹೇಳು, ತಾರ್ಸಿ, ಎಂದರು. ಏನನ್ನು ಎಂದು ಕೇಳಿದೆ. ಅವಳ ಹೆಸರನ್ನ, ಈ ಹಾಸಿಗೆಯಿಂದ, ಎಂದರು. ನಾನು ಹೇಳಲಿಲ್ಲ. ವಸ್ತ್ರ ಬಿಚ್ಚಿಟ್ಟು ನನ್ನ ಮನೆಗೆ ಬಂದು ಬಾಗಿಲು ಹಾಕಿಕೊಂಡೆ.

ಲೆಂಟ್ ಉಪವಾಸಕ್ಕೆ ಮುಂಚಿನ ಶನಿವಾರ ನಮ್ಮಲ್ಲಿ ಸತ್ತವರ ದಿನ. ಹೆಂಗಸರು ಗೋಧಿ ತಟ್ಟೆ ಹೊತ್ತು ಚರ್ಚಿಗೆ ಹೋಗುತ್ತಾರೆ, ಪಾದ್ರಿ ಸತ್ತವರ ಹೆಸರುಗಳನ್ನು ಗಟ್ಟಿಯಾಗಿ ಹೇಳುತ್ತಾನೆ. ಆ ವರ್ಷ ಗೋಧಿಯೂ ಇರಲಿಲ್ಲ, ಹೇಳಬಹುದಾದ ಹೆಸರುಗಳೂ ಕಡಿಮೆ. ಊರಲ್ಲಿ ಅಷ್ಟು ಜನ ಸತ್ತಿದ್ದರೂ ಚರ್ಚಿನಲ್ಲಿ ಪಾದ್ರಿ ಬೇಗ ಮುಗಿಸಿದ. ನಾನು ಮನೆಗೆ ಬಂದಾಗ ಮೇಸ್ತ್ರಿ ನನ್ನನ್ನು ಕರೆದರು. ಒಳಗೆ, ಉಳಿದಿದ್ದ ಕೊನೆಯ ಪುಸ್ತಕದ ಕಟ್ಟಿನ ಮೇಲೆ ಒಂದು ಬಸಿ. ಅದರಲ್ಲಿ ಒಂದು ಹಿಡಿ ಒಣದ್ರಾಕ್ಷಿ, ರೊಟ್ಟಿಯ ಪುಡಿ. ಕೋಟಿನ ಬೆಳ್ಳಿ ಗುಂಡಿಗಳನ್ನು ಕಿತ್ತು ಕೊಟ್ಟು ದ್ರಾಕ್ಷಿ ತಂದಿದ್ದರು. ದೇವಮಾತೆಯ ಮುಂದೆ ದೀಪವಿರಲಿಲ್ಲ, ಎಣ್ಣೆಯನ್ನು ನಾವು ಎಂದೋ ಕುಡಿದಿದ್ದೆವು.

"ಹೇಗೆ ಮಾಡಬೇಕು ಅಂತ ಅವಳನ್ನ ಒಂದು ದಿನವೂ ಕೇಳಲಿಲ್ಲ" ಎಂದರು. "ಗೋಧಿ ಇಲ್ಲದೆ ನಡೆಯುತ್ತಾ?"

"ನಡೆಯುತ್ತೆ."

ಲೆಮೊನಿಯಾ ಎರಡು ಕಾಳು ಬಾಯಿಗೆ ಹಾಕಿಕೊಂಡಳು. ಹಸಿದ ಮಗು, ಒಂದೇ ಗುಕ್ಕಿಗೆ ಮುಗಿಸಬಹುದಿತ್ತು. ಅಜ್ಜಿ ಕಲಿಸಿದ ಹಾಗೆ ನಿಲ್ಲಿಸಿ, "ಅಜ್ಜಿ ಮರಿಯಾಂಥಿಯನ್ನ ದೇವರು ಕ್ಷಮಿಸಲಿ" ಎಂದಳು. ನಾನೂ ಅಂದೆ. ಆಮೇಲೆ ಇಬ್ಬರೂ ಮೇಸ್ತ್ರಿಯ ಕಡೆ ನೋಡಿದೆವು. ದೇವರು ನಮ್ಮ ತಂಟೆಗೆ ಬರುವವನಲ್ಲ ಎಂದು ಅಂಗಳಕ್ಕೆಲ್ಲ ಓದಿ ಹೇಳಿದ ಬಾಯಿ ಅದು. ಒಂದು ಕಾಳು ತೆಗೆದುಕೊಂಡು, ನಾಲಿಗೆಯ ಮೇಲೆ ಇಟ್ಟುಕೊಂಡು, ಅವರೂ ಅದೇ ಮಾತನ್ನು ಪೂರ್ತಿ ಹೇಳಿದರು. ನಾನು ಕೆಣಕಲಿಲ್ಲ.

ಬಾದಾಮಿ ಹೂ ಬಿಡುವ ಹೊತ್ತಿಗೆ ಅವರ ಮುಖವೂ ಊದಿತು. ಒಂದು ಬೆಳಿಗ್ಗೆ ಗೋಡೆ ತಟ್ಟಿ ಕರೆದರು. ಎದ್ದು ಬರಲು ಆಗುತ್ತಿರಲಿಲ್ಲ. ಮಂಚದ ಪಕ್ಕ ಕೋಟು ಮಡಚಿ ಇಟ್ಟಿದ್ದರು, ಅದರ ಮೇಲೆ ಮೂರೂ ಚೀಟಿ.

"ಕಚೇರಿಗೆ ಹೋಗಬೇಡ" ಎಂದರು. "ನನ್ನನ್ನೂ ಗೋಡೆ ಹತ್ತಿರ ಬಿಟ್ಟು ಬಾ. ನನ್ನ ಚೀಟಿಯಲ್ಲಿ ನೀನು ತಿನ್ನು. ಉಳಿದದ್ದು ಮಗುವಿಗೆ."

"ಸಾಯೋ ಮಾತು ಬೇಡ. ಸಾವು ನಮ್ಮ ಚಿಂತೆಯಲ್ಲ ಅಂತ ನನಗೆ ಕಲಿಸಿದ್ದು ನೀವೇ."

ಅವರ ಮುಖದಲ್ಲಿ ನಗುವಿನಂಥದ್ದು ಬಂತು. "ಗುರು ಸುಳ್ಳು ಹೇಳಲಿಲ್ಲ, ತಾರ್ಸಿ. ಸಾಯೋನಿಗೆ ಅದು ಏನೂ ಅಲ್ಲ. ನನಗೀಗ ಭಯ ಇಲ್ಲ, ನಿಜ. ಉಳಿದವನು ಏನು ಮಾಡಬೇಕು ಅಂತ ಅವನು ಬರೆಯಲಿಲ್ಲ. ಅವಳು ಹೇಳಿದ್ದು ಸರಿ. ಅವನಿಗೆ ಹೆಂಡತಿ ಇರಲಿಲ್ಲ."

ನಾನು ಕೋಟನ್ನು ಕೈಗೆತ್ತಿಕೊಂಡೆ. ಏನು ಮಾಡಬೇಕೆಂದು ಅವರು ಹೇಳಬೇಕಾಗಿರಲಿಲ್ಲ. "ಮೊಳೆ ಎಲ್ಲಿ? ನಿಮ್ಮ ಹೆಸರು ಜೋಡಿಸಿದ್ದೀರಾ?"

ದಿಂಬಿನ ಕೆಳಗೆ ಕೈ ಹಾಕಿ ತೆಗೆದುಕೊಟ್ಟರು. ದಾರ ಬಿಗಿದ ಸಣ್ಣ ತುಂಡು. ನಾನು ಅವರ ಹಾಗೆಯೇ ಅಂಗೈಗೆ ಒತ್ತಿ ನೋಡಿದೆ. ಮರಿಯಾಂಥಿ ಎಂದೇ ಇತ್ತು.

"ಇದು ಅವಳದು."

"ಹೌದು."

"ನಿಮ್ಮದು?"

"ನನಗೆ ಬೇಡ. ಅಷ್ಟು ದೊಡ್ಡ ಗುಂಡಿ, ಅಷ್ಟೊಂದು ಜನ. ಒಂದು ಹೆಸರು ಕಳೆದು ಹೋಗಬಹುದು. ಎರಡು ಕಡೆ ಇದ್ದರೆ ಒಂದಾದರೂ ಉಳಿಯುತ್ತೆ. ಮಾತು ಕೊಟ್ಟಿದ್ದೆ."

ಕೋಟಿನ ಅಂಚು ಬಿಚ್ಚಿ ನಾನು ಹೊಲಿದೆ. ಕಣ್ಣು ಮಂಜಾಗಿ ಎರಡು ಸಲ ಬೆರಳಿಗೆ ಚುಚ್ಚಿಕೊಂಡೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು, ಹೊಲಿಗೆ ಸರಿಯಾಗಿದೆಯೋ ಎಂದು ಪರೀಕ್ಷೆ ಮಾಡುವವರ ಹಾಗೆ. ಸಂಜೆಗೆ ಹೋದರು. ಬೆಳಗಿನ ಜಾವ ಮತ್ತದೇ ಕೈಗಾಡಿ, ಅದೇ ಗೋಡೆ. ಈ ಸಲ ತಳ್ಳಲು ಪಾಗೊನಾ ಬಂದಳು.

ಆ ಕೊನೆಯ ಕಟ್ಟಿನ ಪುಸ್ತಕಗಳನ್ನೂ ನಾನೇ ಸುಟ್ಟೆ, ಒಂದನ್ನು ಬಿಟ್ಟು. ಅದು ನನ್ನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿದೆ. ಲೆಮೊನಿಯಾಳ ಮದುವೆಯ ಉಡುಪನ್ನು ನಾನೇ ಹೊಲಿದುಕೊಟ್ಟೆ, ಅವಳ ಮಗಳು ಅಕ್ಷರ ಕೂಡಿಸಿ ಓದಿದ್ದು ಆ ಪುಸ್ತಕದಲ್ಲೇ. ಇದನ್ನೆಲ್ಲ ಹೇಳುವುದು ಮುಂದೆ ಏನಾಯಿತೆಂದು ನಿಮಗೆ ಚಿಂತೆ ಬೇಡವೆಂದು. ಆ ಬೆಳಿಗ್ಗೆ ನಮಗೆ ಇದಾವುದೂ ಗೊತ್ತಿರಲಿಲ್ಲ.

ಆ ಬೆಳಿಗ್ಗೆ, ಗೋಡೆಯಿಂದ ನೇರ ಬಂದು, ಲೆಮೊನಿಯಾಳ ಕೈ ಹಿಡಿದು ಬೇಕರಿಯ ಸಾಲಿನಲ್ಲಿ ನಿಂತೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ನಮ್ಮ ಸರದಿ ಬಂತು. ಬಾಗಿಲಲ್ಲಿ ಸಿಪಾಯಿ ಇದ್ದ. ಸ್ತ್ರಾತಿಸ್ ನನ್ನ ಕೈಯಲ್ಲಿದ್ದ ಚೀಟಿಗಳನ್ನು ನೋಡಿದ, ನನ್ನ ಮುಖ ನೋಡಿದ, ಮೇಸ್ತ್ರಿ ಇಲ್ಲದ್ದನ್ನು ನೋಡಿದ. ಕೇಳದೆ ಬಿಡುವಂತಿರಲಿಲ್ಲ.

"ಮನೆಯಲ್ಲಿ ಎಲ್ಲ ಹೇಗಿದ್ದಾರೆ?"

ಲೆಮೊನಿಯಾ ಕಟ್ಟೆಯ ಅಂಚು ಹಿಡಿದು, ತುದಿಗಾಲಲ್ಲಿ ನಿಂತು, ಮುಖ ಕಾಣುವಷ್ಟು ಎತ್ತರವಾದಳು.

"ಚೆನ್ನಾಗಿದ್ದಾರೆ" ಎಂದಳು. "ಅಜ್ಜ ಓದ್ತಾ ಇದ್ದಾರೆ. ಅಜ್ಜಿ ಬೈತಾ ಇದ್ದಾಳೆ."